ಎಡಗಡೆ ಡಿಸ್ಕ್ ಹೋಗಿ ಹದಿನಾಲ್ಕು ತಿಂಗಳು: ಒಂದು ತೋಟದ ಮನೆಯ ಪ್ರಕರಣ

"ಸರ್, ಆಫೀಸಿನ ಪೆಟ್ಟಿಗೆ ನಿನ್ನೆಯಿಂದ ತುಂಬಾ ನಿಧಾನ. ಒಂದು ಫೋಲ್ಡರ್ ತೆರೆಯಲಿಕ್ಕೆ ಐದು ನಿಮಿಷ ಬೇಕು. ಆಫ್ ಮಾಡಿ ಆನ್ ಮಾಡಿದೆ. ಈಗ ಮಿರರ್ ಸರಿ ಇಲ್ಲ, ಎಡಗಡೆ ಡಿಸ್ಕ್ ಸೇರಿಸಿ ರಿಪೇರಿ ಮಾಡಲಾ ಅಂತ ಕೇಳ್ತಾ ಉಂಟು. ಓಕೆ ಒತ್ತಲಾ?"

"ಒತ್ತಬೇಡಿ. ಏನೂ ಒತ್ತಬೇಡಿ. ಮೊದಲು ಮೌಸಿನಿಂದ ಕೈ ತೆಗೆಯಿರಿ."

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಕೊಡಗಿನ ನಾಪೋಕ್ಲು ಕಡೆಯ ಕಾಫಿ ತೋಟವೊಂದರ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಜೊತೆ ಫೋನಿನಲ್ಲಿ ನಡೆದ ಮಾತಿದು. ಪೆಟ್ಟಿಗೆ ಎಂದರೆ ಫೈಲುಗಳನ್ನು ಇಡುವ, ಎರಡು ಹಾರ್ಡ್ ಡಿಸ್ಕಿನ ಸಾಧನ. ಮಿರರ್ ಎಂದರೆ ಎರಡು ಡಿಸ್ಕಿನಲ್ಲೂ ಒಂದೇ ಪ್ರತಿ ಇಡುವ ಏರ್ಪಾಡು. ಪೆಟ್ಟಿಗೆಯನ್ನು ಶಟ್‌ಡೌನ್ ಮಾಡಿಸಿ, ಪವರ್ ವೈರನ್ನೂ ಕಿತ್ತಿಡಲು ಹೇಳಿ, ನಾನು ಮಡಿಕೇರಿಯಿಂದ ಹೊರಟೆ. ಆ ಓಕೆ ಒತ್ತಿದ್ದರೆ ಏನಾಗುತ್ತಿತ್ತು ಎಂದು ಮೂರ್ನಾಡು ದಾಟುವವರೆಗೂ ತಲೆಯಲ್ಲಿ ತಿರುಗುತ್ತಲೇ ಇತ್ತು.

ಆ ಪೆಟ್ಟಿಗೆಯನ್ನು ಐದು ವರ್ಷದ ಹಿಂದೆ ತರಿಸಿ, ಜೋಡಿಸಿ, ಬೀರುವಿನ ಮೇಲೆ ಇಟ್ಟುಕೊಟ್ಟವನು ನಾನೇ. ಹೊರಡುವಾಗ ಮನೆಯವರಿಗೆ ಹೇಳಿದ ಮಾತೂ ನೆನಪಿದೆ: "ಒಳಗೆ ಎರಡು ಡಿಸ್ಕ್ ಇದೆ. ಒಂದು ಹೋದರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ, ಹೆದರಬೇಡಿ." ಅದರಲ್ಲಿ ಸುಳ್ಳಿರಲಿಲ್ಲ. ಆದರೆ ಒಂದು ಹೋಯಿತು ಅನ್ನುವುದು ಯಾರಿಗೆ, ಹೇಗೆ ತಿಳಿಯಬೇಕು ಎಂದು ನಾನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಮನೆಯವರ ಒಪ್ಪಿಗೆ ಪಡೆದು, ಅವರ ಗುರುತು ಬಿಟ್ಟು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಕೊಡಗಿನ ತೋಟದ ಆಫೀಸುಗಳಲ್ಲಿ, ಫೋಟೋ ಸ್ಟುಡಿಯೋಗಳಲ್ಲಿ, ಹೋಂಸ್ಟೇಗಳಲ್ಲಿ ಇಂಥ ಪೆಟ್ಟಿಗೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಕೆಲವು ಈ ಹೊತ್ತಿಗೂ ಯಾರಿಗೂ ಗೊತ್ತಿಲ್ಲದೆ ಒಂಟಿ ಡಿಸ್ಕಿನ ಮೇಲೆ ಓಡುತ್ತಿರಬಹುದು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಪೆಟ್ಟಿಗೆಯಲ್ಲಿ ಇದ್ದದ್ದು

ಮೇಲೆ ರೋಬಸ್ಟಾ ತೋಟ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಕೆಳಗೆ ಗದ್ದೆ. ಮನೆಗೆ ಅಂಟಿಕೊಂಡ ಒಂದು ಕೋಣೆಯೇ ಆಫೀಸು. ಅಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಕಬ್ಬಿಣದ ಬೀರು. ಬೀರುವಿನ ಮೇಲೆ ಯುಪಿಎಸ್, ಅದರ ಪಕ್ಕದಲ್ಲಿ ಎರಡು ಡಿಸ್ಕಿನ ನ್ಯಾಸ್ ಪೆಟ್ಟಿಗೆ. ನ್ಯಾಸ್ ಎಂದರೆ ಮನೆಯ ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ವೈಫೈ ಮೂಲಕ ಸಿಗುವ ಒಂದು ಸಾಮಾನ್ಯ ಡಿಸ್ಕು. ಎರಡೂ 2 ಟಿಬಿ ಡಿಸ್ಕುಗಳು, ಒಂದೇ ಕಂಪನಿಯವು, ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡವು.

ಅದರಲ್ಲಿ ಕಾರ್ಮಿಕರ ಚೆಕ್‌ರೋಲ್ (ಹಾಜರಿ ಪಟ್ಟಿ), ಸಂಬಳದ ಲೆಕ್ಕ, ಕಾಫಿ ಮಾರಿದ ಬಿಲ್ಲು, ಆರ್‌ಟಿಸಿ, ಜಮ್ಮಾ (ವಂಶಪಾರಂಪರ್ಯ ಹಿಡುವಳಿ) ಜಾಗದ ಹಳೆಯ ಕಾಗದಗಳ ಸ್ಕ್ಯಾನ್, ಎರಡು ಮದುವೆಗಳ ಫೋಟೋ ಮತ್ತು ವಿಡಿಯೋ ಇದ್ದವು. ಜೊತೆಗೆ ಮಳೆಯ ಲೆಕ್ಕವಿತ್ತು. ನಮ್ಮ ಕಡೆ ತೋಟದವರು ಮಳೆಯನ್ನು ಇಂದಿಗೂ ಇಂಚು–ಸೆಂಟಿನಲ್ಲೇ ಬರೆಯುವುದು, ಒಂದು ಇಂಚಿಗೆ ನೂರು ಸೆಂಟ್. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಎಷ್ಟು ಬಿತ್ತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಬಾರದಿದ್ದರೆ ಸ್ಪ್ರಿಂಕ್ಲರ್ ಯಾವಾಗ ಹಾಕಿದರು ಎಂಬುದನ್ನು ಹಿಂದಿನ ವರ್ಷಗಳ ಫಸಲಿನ ಜೊತೆ ಇಟ್ಟು ನೋಡಿದರೇನೇ ಮುಂದಿನ ಲೆಕ್ಕಾಚಾರ ಸಾಧ್ಯ. ಈ ಮನೆಯಲ್ಲಿ ಮೂರು ತಲೆಮಾರಿನ ಮಳೆ ಪುಸ್ತಕಗಳಿವೆ. ಅಷ್ಟನ್ನೂ ಸೊಸೆ ಎರಡು ಮಳೆಗಾಲ ಕೂತು ಎಕ್ಸೆಲ್‌ಗೆ ಏರಿಸಿದ್ದರು. ಗೆದ್ದಲು ತಿಂದ ಪುಟಗಳಲ್ಲಿ ಅಂಕಿ ಕಾಣದೆ ಟಾರ್ಚ್ ಹಿಡಿದು ಓದಿದ್ದನ್ನು ಅವರು ನನಗೆ ಹೇಳಿದ್ದುಂಟು.

ಇನ್ನೊಂದು ಫೋಲ್ಡರಿನಲ್ಲಿ ಹನ್ನೊಂದು ವಿಡಿಯೋಗಳಿದ್ದವು. ಅದರ ವಿಷಯ ಕೊನೆಗೆ ಬರುತ್ತದೆ.

ಮಿರರ್ ಅಂದರೆ

ಒಂದು ಫೈಲ್ ಉಳಿಸಿದಾಗ ಪೆಟ್ಟಿಗೆ ಅದನ್ನು ಎರಡೂ ಡಿಸ್ಕಿನ ಮೇಲೆ ಒಟ್ಟಿಗೇ ಬರೆಯುತ್ತದೆ. ಓದುವಾಗ ಯಾವುದರಿಂದ ಓದಿದರೂ ಆಯಿತು. 2 ಟಿಬಿಯ ಎರಡು ಡಿಸ್ಕ್ ಹಾಕಿದರೂ ಸಿಗುವ ಜಾಗ 2 ಟಿಬಿ ಮಾತ್ರ, ಉಳಿದರ್ಧ ವಿಮೆಯ ಕಂತು ಕಟ್ಟಿದ ಹಾಗೆ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಮೂವರೂ ಸೇರಿ ಬರೆದ ಪ್ರಬಂಧದಿಂದ ‘ರೇಡ್’ ಎಂಬ ಹೆಸರು ಬಂತು. ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಕೂಡಿಸಿ ಕೆಲಸ ತೆಗೆಯುವುದು ಅವರ ವಿಚಾರ. ಅದರಲ್ಲಿ ಒಂದನೇ ಹಂತವೆಂದು ಅವರು ಕರೆದ ಮಿರರಿಂಗ್ ಅದಕ್ಕೂ ಮೊದಲೇ ಬಳಕೆಯಲ್ಲಿತ್ತು.

ಒಂದು ಡಿಸ್ಕ್ ಹೋದಾಗ ಮಿರರ್ ತೋರಿಸುವ ಚಮತ್ಕಾರವೇನೆಂದರೆ, ಏನೂ ಆಗುವುದಿಲ್ಲ. ಫೋಲ್ಡರ್ ಮೊದಲಿನಷ್ಟೇ ಬೇಗ ತೆರೆಯುತ್ತದೆ, ಫೋಟೋ ಕಾಣುತ್ತದೆ, ಸಂಬಳದ ಪಟ್ಟಿ ಪ್ರಿಂಟ್ ಆಗುತ್ತದೆ. ಇಪ್ಪತ್ತು ವರ್ಷಕ್ಕೆ ಹತ್ತಿರವಾದ ನನ್ನ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಗುಣವನ್ನೂ ನೋಡಿಲ್ಲ, ಇದಕ್ಕಿಂತ ಅಪಾಯದ ಗುಣವನ್ನೂ ನೋಡಿಲ್ಲ. ಮಿರರ್ ನಮಗೆ ಕೊಡುವುದು ಸಮಯ. ಮೊದಲ ಡಿಸ್ಕ್ ಸತ್ತ ಗಳಿಗೆಯಿಂದ ಎರಡನೆಯದು ಸಾಯುವವರೆಗಿನ ಸಮಯ. ಅಷ್ಟರೊಳಗೆ ಯಾರಾದರೂ ಹೊಸ ಡಿಸ್ಕ್ ತಂದು ಹಾಕಬೇಕು. ಈ ಮನೆಗೆ ಅಂಥ ಸಮಯ ಹದಿನಾಲ್ಕು ತಿಂಗಳು ಸಿಕ್ಕಿತ್ತು.

ಕಕ್ಕಡದ ಆ ವಾರ

ಪೆಟ್ಟಿಗೆಯಿಂದ ಎರಡೂ ಡಿಸ್ಕ್ ತೆಗೆದು, ಮೊದಲು ಮಾರ್ಕರಿನಲ್ಲಿ ‘ಎಡ’, ‘ಬಲ’ ಎಂದು ದೊಡ್ಡದಾಗಿ ಬರೆದೆ. ಇದು ಸಣ್ಣ ಕೆಲಸ ಅನ್ನಿಸಬಹುದು. ಗಾಬರಿಯಲ್ಲಿ ಎರಡು ಒಂದೇ ರೂಪದ ಡಿಸ್ಕ್ ಕೈಯಲ್ಲಿ ಹಿಡಿದವನಿಗೆ ಮಾತ್ರ ಅದರ ಬೆಲೆ ಗೊತ್ತು. ಇಂಥ ಪೆಟ್ಟಿಗೆಗಳಲ್ಲಿ ಬಹುತೇಕ ಒಳಗೆ ಓಡುವುದು ಲಿನಕ್ಸ್. ಹಾಗಾಗಿ ಲಿನಕ್ಸ್ ಹಾಕಿದ ನನ್ನ ಲ್ಯಾಪ್‌ಟಾಪಿಗೆ, ಏನೂ ಬರೆಯದಂತೆ, ಓದಲು ಮಾತ್ರ ಬಿಟ್ಟು ಒಂದೊಂದನ್ನೇ ಜೋಡಿಸಿದೆ.

ಮಿರರಿನ ಪ್ರತಿ ಡಿಸ್ಕಿನಲ್ಲೂ ಅದರದೇ ಒಂದು ಸಣ್ಣ ಚೀಟಿ ಇರುತ್ತದೆ. ನಾನು ಯಾವ ಜೋಡಿಯವನು, ನನ್ನ ಮೇಲೆ ಕೊನೆಗೆ ಬರೆದದ್ದು ಯಾವಾಗ, ಇಲ್ಲಿಯವರೆಗೆ ಎಷ್ಟು ಬದಲಾವಣೆ ಕಂಡಿದ್ದೇನೆ ಎಂಬ ವಿವರ ಅದರಲ್ಲಿ ಸಿಗುತ್ತದೆ. ಬಲಗಡೆಯದರಲ್ಲಿ ಅಂದಿನ ಬೆಳಗಿನ ತಾರೀಕಿತ್ತು. ಎಡಗಡೆಯದರಲ್ಲಿ ಹಿಂದಿನ ವರ್ಷದ ಜುಲೈ ಮೂರನೇ ವಾರ.

"ಆ ವಾರ ಏನಾಗಿತ್ತು?" ಎಂದು ಕೇಳಿದೆ. ರೈಟರ್ ಮಳೆ ಪುಸ್ತಕ ತೆಗೆದರು. ದಿನಕ್ಕೆ ನಾಲ್ಕು ಇಂಚು, ಐದು ಇಂಚು, ಮತ್ತೆ ನಾಲ್ಕು. ಪಕ್ಕದಲ್ಲಿ ಅವರದೇ ಅಕ್ಷರ: ‘ಕರೆಂಟ್ ಇಲ್ಲ.’ ಮರುದಿನವೂ ‘ಕರೆಂಟ್ ಇಲ್ಲ.’ ಮಳೆ ಜೋರಿರುವ ಕಕ್ಕಡ ತಿಂಗಳು ಶುರುವಾಗಿ ಎರಡು ಮೂರು ದಿನ ಆಗಿತ್ತು ಅಷ್ಟೆ. ಕರೆಂಟ್ ಬರುವುದು, ಐದು ನಿಮಿಷ ನಿಲ್ಲುವುದು, ಹೋಗುವುದು. ಆ ದಿನಗಳಲ್ಲಿ ಯುಪಿಎಸ್ ಹಗಲೂ ರಾತ್ರಿ ಕಿರುಚುತ್ತಿತ್ತು.

ಪೆಟ್ಟಿಗೆಯೂ ಆಗ ಕಿರುಚಿತ್ತು. ಡಿಸ್ಕ್ ಒಂದು ಕೈಬಿಟ್ಟಾಗ ಬೀಪ್ ಸದ್ದು ಮಾಡಿ ಕರೆಯುವುದು ಅದರ ಕ್ರಮ. ಆದರೆ ಮಳೆಗಾಲದಲ್ಲಿ ಬೀರುವಿನ ಮೇಲಿಂದ ಬೀಪ್ ಬಂದರೆ ಅದು ಯುಪಿಎಸ್ ಅನ್ನುವುದು ಆ ಮನೆಯಲ್ಲಿ ಎಲ್ಲರಿಗೂ ರೂಢಿ. ಎರಡನೇ ದಿನ ಕರೆಂಟ್ ಬಂದು ಸ್ಥಿರವಾದ ಮೇಲೂ ಸದ್ದು ನಿಲ್ಲದಿದ್ದಾಗ ರೈಟರ್ ಕುರ್ಚಿ ಹತ್ತಿ, ತಡಕಾಡಿ, ಸಿಕ್ಕಿದ ಒಂದು ಬಟನ್ ಒತ್ತಿದ್ದಾರೆ. ಸದ್ದು ನಿಂತಿದೆ. ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ಎರಡು ಸದ್ದಿನ ವ್ಯತ್ಯಾಸವನ್ನು ನಾನು ಅವರಿಗೆ ಒಮ್ಮೆಯೂ ಕೇಳಿಸಿರಲಿಲ್ಲ.

ಪೆಟ್ಟಿಗೆಯ ಮುಂದುಗಡೆ ಹಸಿರು ದೀಪ ಹೋಗಿ ಕಿತ್ತಳೆ ದೀಪ ಬಂದಿರಬೇಕು. ಅದರ ಮುಂದೆ ಹಳೆಯ ಚೆಕ್‌ರೋಲ್ ಪುಸ್ತಕಗಳ ಅಟ್ಟಿ ಇತ್ತು. ಎಚ್ಚರಿಕೆಯ ಮೇಲ್ ಕೂಡ ಹೋಗಿದೆ, ಬೆಂಗಳೂರಿನಲ್ಲಿದ್ದ ಮಗನ ಆಫೀಸ್ ವಿಳಾಸಕ್ಕೆ. ಕಂಪ್ಯೂಟರ್ ಬಲ್ಲವನು ಅವನೇ ಎಂದು ಆ ವಿಳಾಸ ಹಾಕಿದ್ದೂ ನಾನೇ. ಅವನು ಆ ಕೆಲಸ ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಸದ್ದು, ದೀಪ, ಮೇಲ್ ಮೂರೂ ತಮ್ಮ ಕೆಲಸ ಮಾಡಿದ್ದವು. ಯಾವುದೂ ಒಬ್ಬ ಮನುಷ್ಯನನ್ನು ತಲುಪಲಿಲ್ಲ.

ಇನ್ನು ಎಡಗಡೆ ಡಿಸ್ಕ್ ನಿಜವಾಗಿ ಸತ್ತಿತ್ತೇ? ಇಲ್ಲ. ಇದು ನನಗೂ ಆಶ್ಚರ್ಯ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಅದನ್ನು ತೆಗೆದು ನೋಡಿದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು, ಅಂದರೆ ಡಿಸ್ಕಿನ ಸಣ್ಣ ಸಣ್ಣ ತುಣುಕು ಜಾಗಗಳು, ಬೆರಳೆಣಿಕೆಯಷ್ಟು. ನಾನು ಹಾಕಿದ್ದು ಸಾಧಾರಣ ಡೆಸ್ಕ್‌ಟಾಪ್ ಡಿಸ್ಕ್. ಅಂಥ ಡಿಸ್ಕಿಗೆ ಕೆಟ್ಟ ಜಾಗ ಸಿಕ್ಕರೆ ಬಿಡದೆ ಮತ್ತೆ ಮತ್ತೆ ಓದಲು ನೋಡುತ್ತದೆ, ಒಂದು ನಿಮಿಷವಾದರೂ ಸರಿ. ಒಂಟಿಯಾಗಿದ್ದಾಗ ಅದು ಒಳ್ಳೆಯ ಹಠ. ಜೋಡಿಯಲ್ಲಿದ್ದಾಗ ಪೆಟ್ಟಿಗೆ ಅಷ್ಟು ಹೊತ್ತು ಕಾಯುವುದಿಲ್ಲ, ಉತ್ತರ ಬರಲಿಲ್ಲವೆಂದು ಡಿಸ್ಕನ್ನೇ ಹೊರಗೆ ಹಾಕುತ್ತದೆ. ನ್ಯಾಸ್‌ಗೆಂದೇ ಮಾಡಿದ ಡಿಸ್ಕುಗಳು ಸಾಮಾನ್ಯವಾಗಿ ಏಳು ಸೆಕೆಂಡಿನಲ್ಲಿ ‘ಇದು ನನ್ನಿಂದಾಗದು’ ಎಂದು ಹೇಳಿಬಿಡುತ್ತವೆ, ಪೆಟ್ಟಿಗೆ ಆ ತುಣುಕನ್ನು ಜೊತೆಯ ಡಿಸ್ಕಿನಿಂದ ತಂದು ಸರಿಮಾಡುತ್ತದೆ. ಆ ವ್ಯತ್ಯಾಸ ನನಗೆ ಗೊತ್ತಿತ್ತು. ಐದು ವರ್ಷದ ಹಿಂದೆ ಬೆಲೆ ನೋಡಿ ಅದನ್ನು ಬದಿಗಿಟ್ಟಿದ್ದೆ.

ಓಕೆ ಒತ್ತಿದ್ದರೆ

ಬಲಗಡೆ ಡಿಸ್ಕಿನ ಲೆಕ್ಕ ಬೇರೆಯೇ. ಬಾಕಿ ಸೆಕ್ಟರುಗಳು ಸಾವಿರ ದಾಟಿದ್ದವು, ಹತ್ತು ನಿಮಿಷ ಬಿಟ್ಟು ನೋಡಿದರೆ ಇನ್ನಷ್ಟು. ನಡುನಡುವೆ ಟಕ್ ಎಂಬ ಸದ್ದು. ಒಳಗಿನ ತೋಳು ಜಾಗ ಸಿಗದೆ ಹಿಂದಕ್ಕೆ ಹೋಗಿ ಮತ್ತೆ ಬರುವ ಸದ್ದದು. ಒಂದೇ ದಿನ ಹುಟ್ಟಿ, ಒಂದೇ ಬೀರುವಿನ ಮೇಲೆ, ಒಂದೇ ಕರೆಂಟು ಉಂಡು, ಒಂದೇ ಮಳೆಗಾಲದ ತೇವ ಕಂಡ ಡಿಸ್ಕುಗಳು ಹತ್ತಿರ ಹತ್ತಿರದಲ್ಲೇ ಸೋಲುವುದು ಅಪರೂಪವಲ್ಲ.

ಈಗ ಆ ಓಕೆ. ಪೆಟ್ಟಿಗೆಯ ಕಣ್ಣಿಗೆ ಎಡಗಡೆಯದು ಹೊಸದಾಗಿ ಸಿಕ್ಕ ಖಾಲಿ ಡಿಸ್ಕು. ರಿಪೇರಿ ಎಂದರೆ ಬಲಗಡೆಯದನ್ನು ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಓದಿ, ಎಡಗಡೆಯದರ ಮೇಲೆ ಬರೆಯುತ್ತಾ ಹೋಗುವುದು. 2 ಟಿಬಿ, ಆರೋಗ್ಯವಂತ ಡಿಸ್ಕಿಗೇ ಐದಾರು ಗಂಟೆಯ ಕೆಲಸ, ಅದೂ ಉಸಿರು ಬಿಡದೆ. ಸಾಯುತ್ತಿರುವ ಡಿಸ್ಕಿನಿಂದ ಅಷ್ಟು ದುಡಿಸಿದರೆ ಅದು ಅರ್ಧದಾರಿಯಲ್ಲಿ ನಿಲ್ಲುವ ಸಂಭವವೇ ಹೆಚ್ಚು. ನಿಂತ ಹೊತ್ತಿಗೆ ಎಡಗಡೆಯದರ ಮೊದಲರ್ಧ ಅಳಿಸಿ ಹೋಗಿರುತ್ತದೆ. ಹದಿನಾಲ್ಕು ತಿಂಗಳು ಹಳೆಯದಾದರೂ ಬಹುತೇಕ ಪೂರ್ತಿಯಾಗಿ ಓದಬಹುದಾಗಿದ್ದ ಒಂದೇ ಒಂದು ಪ್ರತಿ ನಮ್ಮ ಕೈಯಿಂದಲೇ ಹಾಳಾಗುತ್ತಿತ್ತು. ಮೂರು ತಲೆಮಾರಿನ ಮಳೆ, ಜಮ್ಮಾ ಕಾಗದ, ಮದುವೆಗಳು ಎಲ್ಲವೂ.

ರಿಪೇರಿ ಎಂಬ ಪದವನ್ನು ನೋಡಿ ಒತ್ತದವರು ಯಾರಿದ್ದಾರೆ? ರೈಟರ್ ಒತ್ತದೆ ಫೋನ್ ಮಾಡಿದರು. ಈ ಪ್ರಕರಣದಲ್ಲಿ ಉಳಿದದ್ದೆಲ್ಲ ಆ ಒಂದು ಫೋನಿನಿಂದ ಉಳಿದದ್ದು ಎಂದು ನಾನು ಅವರ ಎದುರೇ ಹೇಳಿದ್ದೇನೆ.

ಮೂರು ದಿನ, ಎರಡು ರಾತ್ರಿ

ಎರಡು ಹೊಸ ಡಿಸ್ಕ್ ಜೊತೆಯಲ್ಲೇ ತಂದಿದ್ದೆ. ಮೊದಲು ಬಲಗಡೆಯದನ್ನು ಕೈಗೆತ್ತಿಕೊಂಡೆ, ಕ್ಷಣಕ್ಷಣಕ್ಕೂ ಕ್ಷೀಣಿಸುತ್ತಿದ್ದದ್ದು ಅದು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಕೆಟ್ಟ ಜಾಗದಲ್ಲಿ ಕೂತು ಹಠ ಹಿಡಿಯುವುದಿಲ್ಲ. ಮೊದಲ ಸುತ್ತಿನಲ್ಲಿ ಸುಲಭಕ್ಕೆ ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ, ತೊಡಕಾದ ಕಡೆ ಗುರುತು ಹಾಕಿ ಮುಂದೆ ಹಾರುತ್ತದೆ. ಆಮೇಲೆ ಗುರುತಿದ್ದಲ್ಲಿಗೆ ಮರಳಿ ಬಂದು ಅಂಚಿನಿಂದ ಸ್ವಲ್ಪ ಸ್ವಲ್ಪ ಕೆರೆದು ತೆಗೆಯುತ್ತದೆ. ತೋಟದಲ್ಲಿ ಹಣ್ಣು ಕುಯ್ಯುವವರೂ ಹಾಗೇ ತಾನೆ, ಕೈಗೆಟುಕಿದ ಗೊಂಚಲು ಮೊದಲು, ಏಣಿ ಬೇಕಾದದ್ದು ಆಮೇಲೆ. ಯಾವ ಜಾಗ ಆಯಿತು, ಯಾವುದು ಬಾಕಿ ಎಂಬ ನಕ್ಷೆಯನ್ನು ಅದು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಎರಡನೇ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ಸೂ ಕೈಕೊಟ್ಟು, ಜನರೇಟರ್ ಶುರು ಮಾಡುವಷ್ಟರಲ್ಲಿ ಡಿಸ್ಕ್ ನಿಂತುಹೋಯಿತು. ನಕ್ಷೆಯ ಫೈಲ್ ಇದ್ದದ್ದರಿಂದ ನಿಂತಲ್ಲಿಂದಲೇ ಮುಂದುವರಿಯಿತು.

ಡಿಸ್ಕನ್ನು ಮೇಜಿನ ಮೇಲೆ ಒಂದು ಮಡಚಿದ ಗೋಣಿಚೀಲದ ಮೇಲಿಟ್ಟು, ಟೇಬಲ್ ಫ್ಯಾನ್ ತಿರುಗಿಸಿಟ್ಟಿದ್ದೆ. ಅಂಗೈ ಇಟ್ಟರೆ ಒಳಗಿನ ತಿರುಗಾಟದ ಸಣ್ಣ ನಡುಕ ಗೊತ್ತಾಗುತ್ತಿತ್ತು. ಟಕ್ ಸದ್ದು ಹೆಚ್ಚಾದಾಗ ನಿಲ್ಲಿಸಿ ಅರ್ಧ ಗಂಟೆ ತಣ್ಣಗಾಗಲು ಬಿಡುತ್ತಿದ್ದೆ. ಸೊಸೆ ರಾತ್ರಿ ಹನ್ನೊಂದಕ್ಕೆ ಕಾಫಿ ತಂದಿಟ್ಟು, ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತಾ ನಿಂತರು. "ಅಣ್ಣ, ಇದರಲ್ಲಿ ಮಳೆ ಇರೋ ಭಾಗ ಬಂತಾ?" ಎಂದು ಕೇಳಿದರು. ಯಾವ ಸೆಕ್ಟರಿನಲ್ಲಿ ಯಾವ ಫೈಲ್ ಇದೆ ಎಂದು ಆ ಹಂತದಲ್ಲಿ ಹೇಳಲಾಗದು. ಹಾಗೆಂದು ಅವರಿಗೆ ಹೇಳುವುದು ಕಷ್ಟವಾಯಿತು.

ಮೂರನೇ ದಿನ ಸಂಜೆಗೆ, ಎಷ್ಟು ಮಾಡಿದರೂ ಬಾರದೆ ಉಳಿದದ್ದು 212 ಎಂಬಿ. 2 ಟಿಬಿಯಲ್ಲಿ ಅದು ಏನೂ ಅಲ್ಲ. ಆದರೆ ಅದು ಒಂದೇ ಕಡೆ ಇರುವುದಿಲ್ಲ, ಅಲ್ಲಲ್ಲಿ ಚದುರಿ ಫೈಲುಗಳ ಹೊಟ್ಟೆಯಲ್ಲಿ ತೂತು ಮಾಡಿರುತ್ತದೆ. ಆ ತೂತುಗಳನ್ನೆಲ್ಲ ಒಂದು ಗುರುತಿನ ಪದದಿಂದ ತುಂಬಿಸಿ, ಆಮೇಲೆ ಆ ಪದ ಯಾವ ಫೈಲಿನಲ್ಲಿದೆ ಎಂದು ಹುಡುಕಿದೆ. 63 ಫೈಲುಗಳು ಸಿಕ್ಕವು. ಅವುಗಳಲ್ಲಿ 41 ಜುಲೈಗಿಂತ ಮೊದಲಿನವು. ಅಷ್ಟೂ ಎಡಗಡೆಯ ಹಳೆಯ ಡಿಸ್ಕಿನಲ್ಲಿ ಸರಿಯಾಗಿದ್ದವು. ಪೆಟ್ಟಿಗೆ ಕೈಬಿಟ್ಟಿದ್ದ, ಓಕೆ ಒತ್ತಿದ್ದರೆ ಅಳಿಸಿಹೋಗುತ್ತಿದ್ದ ಡಿಸ್ಕ್ ಅದೇ. ಮಳೆಯ ಮೂರು ತಲೆಮಾರಿನ ಫೈಲೂ ಅದರಿಂದಲೇ ಬಂತು.

ಉಳಿದ 22 ಹೊಸವು, ಬೇರೆಲ್ಲೂ ಪ್ರತಿ ಇಲ್ಲದವು. ಹದಿನೈದು ಫೋಟೋಗಳು ಯಾರ್ಯಾರದೋ ಫೋನಿನಲ್ಲಿ ಸಿಕ್ಕವು. ಮೂರು ಎಕ್ಸೆಲ್ ಹಾಳೆಗಳು, ಎರಡು ಸಂಬಳದವು, ಒಂದು ಆ ವರ್ಷದ ಮಳೆಯದು. ಇವಕ್ಕೆ ಕಾಗದವೇ ಆಧಾರವಾಯಿತು. ರೈಟರ್ ಇಂದಿಗೂ ಮೊದಲು ಪುಸ್ತಕದಲ್ಲಿ ಬರೆದು ಆಮೇಲೆ ಕಂಪ್ಯೂಟರಿಗೆ ಏರಿಸುವವರು. ಒಂದು ಸಂಜೆ ಅವರು ಓದುತ್ತಾ ಹೋದರು, ಸೊಸೆ ಟೈಪ್ ಮಾಡುತ್ತಾ ಹೋದರು: ಎರಡು ಇಂಚು ಮೂವತ್ತೈದು ಸೆಂಟ್, ಒಂದು ಇಂಚು ಹತ್ತು, ಸೊನ್ನೆ ಎಂಬತ್ತು.

ಕೊನೆಯ ನಾಲ್ಕು ಫೈಲುಗಳು ವಿಡಿಯೋ.

ಈಗ ಆ ಮನೆಯಲ್ಲಿ

ಮಿರರನ್ನು ಬಿಟ್ಟುಬಿಡಿ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಸಂಬಳದ ದಿನ ಡಿಸ್ಕ್ ಸತ್ತರೂ ಕೆಲಸ ನಿಲ್ಲದಂತೆ ನೋಡಿಕೊಳ್ಳಲು ಅದಕ್ಕಿಂತ ಸರಳ ದಾರಿ ಇಲ್ಲ. ಹೊಸ ಜೋಡಿ ಹಾಕಿದೆವು. ಈ ಸಲ ನ್ಯಾಸ್ ಡಿಸ್ಕುಗಳು, ಎರಡು ಬೇರೆ ಬೇರೆ ಕಂಪನಿಯವು, ಎರಡನೆಯದನ್ನು ಮೂರು ವಾರ ತಡೆದು ಬೇರೆ ಕಡೆಯಿಂದ ಕೊಂಡೆವು. ತಿಂಗಳಿಗೊಮ್ಮೆ ಪೆಟ್ಟಿಗೆ ತಾನಾಗಿಯೇ ಎರಡೂ ಡಿಸ್ಕನ್ನು ಪೂರ್ತಿ ಓದಿ ಹೋಲಿಸುವಂತೆ ಇಟ್ಟಿದ್ದೇನೆ. ವರ್ಷಗಟ್ಟಲೆ ಯಾರೂ ತೆರೆಯದ ಮದುವೆ ಫೋಟೋದ ಕೆಳಗೆ ಸೆಕ್ಟರ್ ಕೆಟ್ಟಿದ್ದರೆ ಓದದೆ ತಿಳಿಯುವುದಿಲ್ಲ. ಜೊತೆಯ ಡಿಸ್ಕ್ ಬದುಕಿರುವಾಗಲೇ ತಿಳಿದರೆ ಸರಿಮಾಡಬಹುದು.

ಸ್ಮಾರ್ಟ್ ಲೆಕ್ಕವನ್ನೇ ನಂಬಿ ಕೂರಲೂ ಆಗದು. 2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಮೀರಿದ ಡಿಸ್ಕುಗಳನ್ನು ನೋಡಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನನ್ನು ತಾನೇ ಓದಿ ನೋಡುವಾಗ ಸಿಗುವ ದೋಷ) ಕಂಡ ಡಿಸ್ಕು ಮುಂದಿನ 60 ದಿನದಲ್ಲಿ ಕೈಕೊಡುವ ಸಂಭವ ದೋಷ ಕಾಣದ ಡಿಸ್ಕಿಗಿಂತ 39 ಪಟ್ಟು ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟ್‌ನ ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ತೋರದೆಯೇ ಕೆಟ್ಟಿದ್ದವು. ಸೂಚನೆ ಬಂದರೆ ಕೂಡಲೇ ಡಿಸ್ಕ್ ಬದಲಿಸಬೇಕು. ಬರಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಆಮೇಲೆ ಎಲ್ಲರನ್ನೂ ಆಫೀಸಿಗೆ ಕರೆದೆ. ರೈಟರ್, ಸೊಸೆ, ರಜೆಗೆ ಬಂದಿದ್ದ ಮಗ, ಅಡುಗೆಗೆ ಬರುವ ಅಕ್ಕ ಕೂಡ, ಯಾಕೆಂದರೆ ಹಗಲಿಡೀ ಮನೆಯಲ್ಲಿರುವವರು ಅವರು. ಪೆಟ್ಟಿಗೆ ಓಡುತ್ತಿರುವಾಗಲೇ ಒಂದು ಡಿಸ್ಕ್ ಹೊರಗೆ ಎಳೆದೆ. ಬೀಪ್ ಶುರುವಾಯಿತು, ದೀಪ ಕಿತ್ತಳೆಗೆ ತಿರುಗಿತು. ಯುಪಿಎಸ್‌ನ ಪ್ಲಗ್ಗನ್ನೂ ತೆಗೆದೆ, ಅದೂ ಕಿರುಚಿತು. ಎರಡನ್ನೂ ಬೇರೆ ಬೇರೆಯಾಗಿ, ಆಮೇಲೆ ಒಟ್ಟಿಗೆ ಕೇಳಿಸಿದೆ. "ಇದು ಸಣ್ಣ ದನಿ, ಬಿಟ್ಟು ಬಿಟ್ಟು ಬರ್ತದೆ. ಇದು ಯುಪಿಎಸ್, ದಪ್ಪ ದನಿ" ಎಂದು ಮೊದಲು ಸರಿಯಾಗಿ ಹೇಳಿದವರು ಆ ಅಕ್ಕ. ಐದು ವರ್ಷದ ಹಿಂದೆ ಹತ್ತು ನಿಮಿಷ ಕೊಟ್ಟು ಮಾಡಬೇಕಾಗಿದ್ದ ಕೆಲಸವದು.

ಚೆಕ್‌ರೋಲ್ ಪುಸ್ತಕಗಳು ಬೇರೆ ಕಪಾಟಿಗೆ ಹೋದವು. ಪೆಟ್ಟಿಗೆಯ ದೀಪ ಈಗ ರೈಟರ್ ಕುರ್ಚಿಗೆ ಎದುರಾಗಿದೆ. ಮೇಲ್ ಮೂವರಿಗೆ ಬರುತ್ತದೆ, ನನಗೂ ಸೇರಿ. ತೊಂದರೆಯಾದಾಗ ಮಾತ್ರವಲ್ಲ, ತಿಂಗಳ ಮೊದಲ ತಾರೀಕು ‘ಎಲ್ಲ ಸರಿ ಇದೆ’ ಎಂಬ ಮೇಲೂ ಬರಬೇಕು. ಅದು ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ನಾನು ಫೋನ್ ಮಾಡುತ್ತೇನೆ. ರೈಟರ್ ತಾವಾಗಿಯೇ ಇನ್ನೊಂದು ಕೆಲಸ ಮಾಡಿದ್ದಾರೆ. ಬೆಳಿಗ್ಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವಾಗ ಪಕ್ಕದಲ್ಲಿ ಒಂದು ಕಾಲಂ ಎಳೆದು, ಪೆಟ್ಟಿಗೆಯ ದೀಪ ನೋಡಿ ‘ಹ’ ಎಂದು ಬರೆಯುತ್ತಾರೆ. ಹಸಿರು. ನಾನು ಹಾಕಿಕೊಟ್ಟ ಯಾವ ಏರ್ಪಾಡಿಗಿಂತಲೂ ಆ ಕಾಲಂ ಮೇಲೆ ನನಗೆ ಹೆಚ್ಚು ನಂಬಿಕೆ.

ಬ್ಯಾಕಪ್ ಬೇರೆ ವಿಷಯ, ಅದನ್ನೂ ಮಿರರನ್ನೂ ಒಂದೇ ಎಂದುಕೊಂಡದ್ದೇ ಮೂಲ ತಪ್ಪು. ಯಾರಾದರೂ ಒಂದು ಫೋಲ್ಡರ್ ಅಳಿಸಿದರೆ ಮಿರರ್ ಅದನ್ನು ಎರಡೂ ಡಿಸ್ಕಿನಿಂದ ಅದೇ ಕ್ಷಣ ಅಳಿಸುತ್ತದೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಹೊಕ್ಕರೆ ಎರಡಕ್ಕೂ ಬೀಗ. ಏಪ್ರಿಲ್–ಮೇ ತಿಂಗಳ ಸಿಡಿಲು ನೆಟ್‌ವರ್ಕ್ ವೈರಿನಲ್ಲಿ ಬಂದರೆ ಒಂದೇ ಅಡಾಪ್ಟರಿನ ಮೇಲೆ ಕೂತ ಎರಡೂ ಹೋಗಬಹುದು. ಮತ್ತೆ 2018ರ ಆಗಸ್ಟನ್ನು ಕೊಡಗಿನವರಿಗೆ ನೆನಪಿಸಬೇಕಾಗಿಲ್ಲ. ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡದ ಜೊತೆ ಮನೆಗಳೇ ಜಾರಿದವು. ಆಮೇಲೆ ಜಾಗದ ಕಾಗದವಿಲ್ಲದೆ ಕಚೇರಿಗಳ ಮುಂದೆ ನಿಂತವರನ್ನು ನಾನು ನೋಡಿದ್ದೇನೆ. ಅಂಥ ದಿನ ಒಂದು ಬೀರುವಿನ ಮೇಲೆ ಎರಡು ಡಿಸ್ಕ್ ಇದ್ದರೇನು, ಹತ್ತಿದ್ದರೇನು.

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಬಳಕೆಗೆ ತಂದ 3–2–1 ಲೆಕ್ಕವನ್ನೇ ಹಿಡಿದೆವು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಬೇರೆ ಊರಿನಲ್ಲಿ. ಎರಡು ಎಕ್ಸ್‌ಟರ್ನಲ್ ಡಿಸ್ಕ್‌ಗಳಲ್ಲಿ ಒಂದು ಈ ಮನೆಯಲ್ಲಿ, ಇನ್ನೊಂದು ಕುಶಾಲನಗರದ ಮಗಳ ಮನೆಯಲ್ಲಿ ಇರುತ್ತದೆ. ತಿಂಗಳಿಗೊಮ್ಮೆ ಅದಲು ಬದಲು. ಪ್ರತಿ ತೆಗೆಯುವ ಹೊತ್ತು ಬಿಟ್ಟರೆ ಯಾವುದೂ ಪ್ಲಗ್ಗಿನಲ್ಲಿ ಇರಕೂಡದು. ಮಳೆ, ಸಂಬಳ, ಜಮ್ಮಾ ಕಾಗದ ಎಲ್ಲ ಸೇರಿ ಆರು ಜಿಬಿ ಆಗುತ್ತದೆ, ಅದನ್ನು ಪೆಟ್ಟಿಗೆ ಪಾಸ್‌ವರ್ಡ್ ಹಾಕಿ ಕ್ಲೌಡಿಗೂ ಕಳುಹಿಸುತ್ತದೆ. ಅಳಿಸಿದ ಫೈಲನ್ನು 60 ದಿನದವರೆಗೆ ಮರಳಿ ತೆಗೆಯಬಹುದು.

ಪ್ರತಿಯಿಂದ ಫೈಲನ್ನು ನಿಜವಾಗಿ ಮರಳಿ ತೆಗೆದು ನೋಡುವ ದಿನವನ್ನೂ ಗೊತ್ತುಮಾಡಿದ್ದಾರೆ. ಸೊಸೆಯೇ ಹೇಳಿದ್ದು: ಕೈಲ್ ಮುಹೂರ್ತದ ದಿನ ಕೋವಿ, ಕತ್ತಿ, ನೇಗಿಲು ಎಲ್ಲ ತೆಗೆದು ಒರೆಸಿ ಪೂಜೆಗಿಡುತ್ತೇವಲ್ಲ, ಅಂದೇ ಇದನ್ನೂ ತೆಗೆದು ನೋಡೋಣ.

ನಾಲ್ಕು ವಿಡಿಯೋಗಳು

ಹಿಂದಿನ ಬೇಸಿಗೆಯಲ್ಲಿ, ಗದ್ದೆ ಒಣಗಿದ್ದಾಗ, ಸೊಸೆ ಅಜ್ಜಿಯನ್ನು ಕರೆದುಕೊಂಡು ಗದ್ದೆ ಬದುವಿನ ಮೇಲೆ ನಡೆದಿದ್ದರು. ಅಜ್ಜಿಗೆ ಎಂಬತ್ತು ದಾಟಿದೆ. ಒಂದೊಂದು ಗದ್ದೆಯ ಎದುರೂ ನಿಂತು ಅದರ ಹೆಸರು, ಯಾರ ಕಾಲದಲ್ಲಿ ಕಡಿದದ್ದು, ನೀರು ಎಲ್ಲಿಂದ ಬರುತ್ತದೆ ಎಂದು ಹೇಳಿದ್ದರು. ಅತ್ತಿಮರದ ಗದ್ದೆ ಎಂಬಲ್ಲಿ ಅತ್ತಿಮರ ಈಗಿಲ್ಲ, ಅದಿದ್ದ ಜಾಗವನ್ನು ಕೋಲಿನಿಂದ ತೋರಿಸಿದ್ದರು. ಹನ್ನೊಂದು ವಿಡಿಯೋ ಆದವು. ಪೆಟ್ಟಿಗೆಗೆ ಹಾಕಿದ ಮೇಲೆ ಫೋನಿನಲ್ಲಿ ಜಾಗವಿಲ್ಲವೆಂದು ಅಳಿಸಿದರು. ಎರಡು ಡಿಸ್ಕಿನಲ್ಲಿ ಇದೆಯೆಂಬ ಧೈರ್ಯದಿಂದ. ಆ ಹೊತ್ತಿಗೆ ಎಡಗಡೆಯದು ಹೋಗಿ ಎಂಟು ತಿಂಗಳಾಗಿತ್ತು.

ಹಾಳಾದ ನಾಲ್ಕರಲ್ಲಿ ಎರಡು ಅಲ್ಲಲ್ಲಿ ಕಡಿದರೂ ಓಡುತ್ತವೆ. ಎರಡು ತೆರೆಯುವುದೇ ಇಲ್ಲ, ಎಷ್ಟು ಬಗೆಯಲ್ಲಿ ನೋಡಿದರೂ ನನ್ನಿಂದಾಗಲಿಲ್ಲ. ಹಾಗೆಂದು ಹೇಳಿದಾಗ ಸೊಸೆ ಏನೂ ಅನ್ನಲಿಲ್ಲ, ಒಳಗೆ ಹೋದರು.

ಮಂಡಿ ನೋವಿಗೆ ಅಜ್ಜಿ ಈಗ ಗದ್ದೆಗೆ ಇಳಿಯುವುದಿಲ್ಲ. ಹಾಗಾಗಿ ಒಂದು ಮಧ್ಯಾಹ್ನ ಜಗಲಿಯಲ್ಲೇ ಕೂರಿಸಿ ಮತ್ತೆ ಕೇಳಿದರು. ಕಣ್ಣು ಮುಚ್ಚಿಕೊಂಡು, ಬೆರಳು ಮಡಚುತ್ತಾ, ಮೇಲಿನ ಗದ್ದೆಯಿಂದ ಹೊಳೆಬದಿಯವರೆಗೆ ಒಂದೊಂದಾಗಿ ಹೇಳಿದರು. ನಡುವೆ ಒಂದು ಗದ್ದೆಯ ಹೆಸರು ಬರಲಿಲ್ಲ. "ಅಲ್ಲಿ ಹೋಗಿ ನಿಂತರೆ ಬರ್ತದೆ" ಎಂದರು. ಸೊಸೆ ಆ ಸಾಲನ್ನು ಖಾಲಿ ಬಿಟ್ಟು ಮುಂದಿನದನ್ನು ಬರೆದುಕೊಂಡರು. ಮಾರ್ಚಿನಲ್ಲಿ ಗದ್ದೆ ಒಣಗಲಿ, ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡಾದರೂ ಹೋಗುತ್ತೇವೆ ಎಂದಿದ್ದಾರೆ ರೈಟರ್.